ರಿಸರ್ವ್ ಗ್ರೇಡ್‌ನ ಫಾರ್ಮ್ ಓದುವ ಬಗೆ: ಮೇಲಿನ ತಂಡದ ಬಾಗಿಲು ಯಾರಿಗೆ, ಯಾವಾಗ ತೆರೆಯುತ್ತದೆ

ಎಲ್ಲರಿಗೂ ನಮಸ್ಕಾರ. ಆಸ್ಟ್ರೇಲಿಯಾದ ರಗ್ಬಿ ಲೀಗ್ ನೋಡುವವರ ಬಾಯಲ್ಲಿ ವರ್ಷವರ್ಷವೂ ಬರುವ ಒಂದು ಪ್ರಶ್ನೆಯಿಂದಲೇ ಶುರು ಮಾಡೋಣ. "ಆ ಹುಡುಗ ರಿಸರ್ವ್ ಗ್ರೇಡ್‌ನಲ್ಲಿ ವಾರಕ್ಕೆ ಎರಡೆರಡು ಟ್ರೈ ಹೊಡೀತಿದಾನೆ. ಮೇಲಿನ ತಂಡ ಸಾಲಾಗಿ ಸೋಲ್ತಿದೆ. ಆದ್ರೂ ಕೋಚ್ ಅವನನ್ನ ಯಾಕೆ ಕರೀತಿಲ್ಲ?" (ರಿಸರ್ವ್ ಗ್ರೇಡ್ ಅಂದರೆ ಮೇಲಿನ ದರ್ಜೆಯ ಕೆಳಗಿನ ಹಂತ; ಟ್ರೈ ಅಂದರೆ ಎದುರಾಳಿಯ ಗೋಲು ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿ ಅಂಕ ಗಳಿಸುವುದು.) ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಬೇಕಾದರೆ ಎರಡು ಸಂಗತಿಗಳನ್ನು ಬೇರೆ ಬೇರೆ ಇಟ್ಟು ನೋಡಬೇಕು. ಆ ಹುಡುಗನ ಆಟದಲ್ಲಿ ಮೇಲಿನ ದರ್ಜೆಗೆ ಹೊತ್ತುಕೊಂಡು ಹೋಗಬಹುದಾದದ್ದು ಎಷ್ಟಿದೆ? ಮೇಲೆ ಯಾವ ಜಾಗ ಖಾಲಿಯಾಗಿದೆ, ಎಷ್ಟು ದಿನಕ್ಕೆ? ಮೊದಲನೆಯದು ಆಟಗಾರನ ಕೈಯಲ್ಲಿದೆ, ಎರಡನೆಯದು ಬಹುಮಟ್ಟಿಗೆ ಇಲ್ಲ. ಇವೆರಡೂ ಒಂದೇ ವಾರದಲ್ಲಿ ಕೂಡಿ ಬಂದಾಗ ಮಾತ್ರ ಬಡ್ತಿ ಸಿಗುತ್ತದೆ.

ಹೊಸಬರಿಗಾಗಿ ಒಂದೆರಡು ಮಾತು. ಇದು 13 ಜನರ ಆಟ, ಬೆಂಚಿನಿಂದ ಬಳಸಬಹುದಾದವರು ನಾಲ್ವರು, 80 ನಿಮಿಷ. ಚೆಂಡು ಹಿಡಿದವನನ್ನು ತಡೆದು ನಿಲ್ಲಿಸುವುದು ಟ್ಯಾಕಲ್. ಚೆಂಡು ಹಿಡಿದ ತಂಡಕ್ಕೆ ಆರು ಟ್ಯಾಕಲ್‌ಗಳ ಅವಕಾಶ, ಅದೇ ಒಂದು ಸೆಟ್. ಪ್ರತಿ ಟ್ಯಾಕಲ್ ಮುಗಿದ ಮೇಲೆ ಎದುರಾಳಿ ಸಾಲು ಹತ್ತು ಮೀಟರ್ ಹಿಂದೆ ಸರಿಯಬೇಕು. ಮೇಲಿನ ದರ್ಜೆ ಎನ್‌ಆರ್‌ಎಲ್ (ನ್ಯಾಷನಲ್ ರಗ್ಬಿ ಲೀಗ್). ಅದರ ಕೆಳಗೆ ಎರಡು ಸ್ಪರ್ಧೆಗಳು: ಎನ್‌ಎಸ್‌ಡಬ್ಲ್ಯು (ನ್ಯೂ ಸೌತ್ ವೇಲ್ಸ್) ಕಪ್ ಮತ್ತು 1996ರಲ್ಲಿ ಶುರುವಾದ ಕ್ವೀನ್ಸ್‌ಲೆಂಡ್ ಕಪ್. ಜನ ಎರಡನ್ನೂ ರಿಸರ್ವ್ ಗ್ರೇಡ್ ಅಂತಲೇ ಕರೆದರೂ ಅವುಗಳ ಸ್ವಭಾವ ಬೇರೆ. ಸಿಡ್ನಿ ಕಡೆ ಹೆಚ್ಚಿನವು ಎನ್‌ಆರ್‌ಎಲ್ ಕ್ಲಬ್ಬುಗಳದೇ ಎರಡನೇ ತಂಡಗಳು. ಪೆನ್ರಿತ್, ಪ್ಯಾರಮಾಟಾ, ಕ್ಯಾಂಟರ್‌ಬರಿ ಇವೆಲ್ಲ ಮೇಲೂ ಕೆಳಗೂ ಒಂದೇ ಬಣ್ಣದಲ್ಲಿ, ಹೆಚ್ಚುಕಡಿಮೆ ಒಂದೇ ಆಟದ ಯೋಜನೆಯಲ್ಲಿ ಆಡುತ್ತವೆ. ಅವುಗಳ ನಡುವೆ ನ್ಯೂಟೌನ್ ಜೆಟ್ಸ್, ನಾರ್ತ್ ಸಿಡ್ನಿ ಬೇರ್ಸ್‌ನಂಥ ಹಳೆಯ ಕ್ಲಬ್ಬುಗಳಿವೆ. 1908ರ ಮೂಲ ಕ್ಲಬ್ಬುಗಳಲ್ಲಿ ಒಂದಾದ ನ್ಯೂಟೌನ್ 1983ರ ನಂತರ ಮೊದಲ ದರ್ಜೆಯಿಂದ ಹೊರಬಿತ್ತು. ಈಗ ಮ್ಯಾರಿಕ್‌ವಿಲ್‌ನ ಹೆನ್ಸನ್ ಪಾರ್ಕ್‌ನಲ್ಲಿ ಕ್ರೊನಲ್ಲಾದ ಆಟಗಾರರನ್ನು ಇಟ್ಟುಕೊಂಡು ಆಡುತ್ತದೆ. ಕ್ವೀನ್ಸ್‌ಲೆಂಡ್ ಕಪ್‌ನ ಕ್ಲಬ್ಬುಗಳು ಊರಿನವು, ಸ್ವತಂತ್ರವಾದವು. ಕೆರ್ನ್ಸ್‌ನ ನಾರ್ದರ್ನ್ ಪ್ರೈಡ್, ಮ್ಯಾಕೆ ಕಟರ್ಸ್, ಸನ್‌ಶೈನ್ ಕೋಸ್ಟ್ ಫಾಲ್ಕನ್ಸ್, ಪಪುವಾ ನ್ಯೂಗಿನಿಯ ಹಂಟರ್ಸ್ ಹೀಗೆ. ಎನ್‌ಆರ್‌ಎಲ್ ಕ್ಲಬ್ಬು ತನ್ನ ಆಟಗಾರರನ್ನು ಇವುಗಳಿಗೆ ಹಂಚುತ್ತದೆ. ಅಲ್ಲಿ ಹಗಲು ಕೆಲಸ ಮಾಡಿ ಸಂಜೆ ಅಭ್ಯಾಸಕ್ಕೆ ಬರುವವನೂ ಪೂರ್ಣಾವಧಿ ವೃತ್ತಿಪರನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಹಾಗಾಗಿ "ಕಪ್‌ನಲ್ಲಿ ಚೆನ್ನಾಗಿ ಆಡಿದ" ಎಂದಾಗ ಮೊದಲು ಯಾವ ಕಪ್, ಯಾರ ಎದುರು ಎಂದು ಕೇಳಿ.

ಈಗ ಜೆರ್ಸಿಗಳ ಲೆಕ್ಕ. 2023ರಲ್ಲಿ ಡಾಲ್ಫಿನ್ಸ್ ಬಂದ ಮೇಲೆ ಎನ್‌ಆರ್‌ಎಲ್‌ನಲ್ಲಿ 17 ಕ್ಲಬ್ಬುಗಳಾದವು. ಒಂದೊಂದಕ್ಕೂ 30 ಜನರ ಮುಖ್ಯ ಪಟ್ಟಿ, ಒಟ್ಟು 510 ಆಟಗಾರರು. ಪ್ರತಿ ಸುತ್ತಿನಲ್ಲಿ ಒಂದು ಕ್ಲಬ್ಬಿಗಾದರೂ ಬಿಡುವು ಇದ್ದೇ ಇರುವುದರಿಂದ ಪೂರ್ತಿ ಸುತ್ತಿನಲ್ಲೂ ಮೈದಾನಕ್ಕಿಳಿಯುವುದು 16 ತಂಡ, 272 ಜೆರ್ಸಿ. ಅಂದರೆ ಮುಖ್ಯ ಪಟ್ಟಿಯಲ್ಲಿ ಇರುವವರಲ್ಲೇ ಹತ್ತಿರ ಹತ್ತಿರ ಅರ್ಧ ಜನಕ್ಕೆ ಆ ವಾರ ಮೇಲಿನ ಆಟವಿಲ್ಲ. ಒಂದೇ ಕ್ಲಬ್ಬಿಗೆ ಇಳಿಸಿ ನೋಡಿದರೆ 30ರಲ್ಲಿ 17 ಕಳೆದು 13 ಉಳಿಯುತ್ತಾರೆ. ಗಾಯಾಳುಗಳು ನಾಲ್ಕೈದು ಜನ ಅನ್ನಿ. ಎಂಟು ಒಂಬತ್ತು ಜನ ಕೆಳಗಿನ ತಂಡಕ್ಕೆ ಬರುತ್ತಾರೆ. ಮಿಕ್ಕ ಜಾಗಗಳನ್ನು ಡೆವಲಪ್‌ಮೆಂಟ್ ಪಟ್ಟಿಯ (ಮುಖ್ಯ ಪಟ್ಟಿಯ ಹೊರಗೆ ಬೆಳೆಸುತ್ತಿರುವ) ಹುಡುಗರು ಮತ್ತು ಕಪ್‌ಗೆ ಮಾತ್ರ ಒಪ್ಪಂದ ಮಾಡಿಕೊಂಡವರು ತುಂಬುತ್ತಾರೆ.

ಟಚ್‌ಲೈನ್ ಪಕ್ಕ ನಿಂತು ನೋಡುವವರಿಗೆ ಇವರೆಲ್ಲ ಒಂದೇ ತಂಡ. ಬಡ್ತಿಯ ದೃಷ್ಟಿಯಿಂದ ಇವರು ನಾಲ್ಕು ಬೇರೆ ಬೇರೆ ಸರತಿಯಲ್ಲಿ ನಿಂತವರು. ಗಾಯದಿಂದ ಮರಳುತ್ತಿರುವ ಹಿರಿಯ 40–50 ನಿಮಿಷ ಆಡಿ, ಎಲ್ಲರನ್ನೂ ಮೀರಿಸಿ, ಮುಂದಿನ ವಾರ ತನ್ನ ಜಾಗಕ್ಕೆ ಹೋಗುತ್ತಾನೆ. ಅದು ಬಡ್ತಿಯಲ್ಲ, ಮನೆಗೆ ವಾಪಸಾದದ್ದು. ಎರಡನೆಯವನು ಮೇಲಿನಿಂದ ಕೈಬಿಟ್ಟವನು. ಅವನಲ್ಲಿ ಕೋಚ್ ಹುಡುಕುವುದು ಹೊಸ ಗುಣವನ್ನಲ್ಲ, ಯಾವ ತಪ್ಪಿಗೆ ಇಳಿಸಿದರೋ ಅದನ್ನು ತಿದ್ದಿಕೊಂಡನೇ ಎಂಬುದನ್ನು. ಮೂರನೆಯವನು ಪಟ್ಟಿಯೊಳಗೇ ಕಾಯುತ್ತಿರುವ ಯುವಕ, ಸಾಮಾನ್ಯವಾಗಿ ಮೊದಲ ಕರೆ ಅವನಿಗೇ. ನಾಲ್ಕನೆಯವನು ಪಟ್ಟಿಯ ಹೊರಗಿನವನು. ಅವನು ಎಷ್ಟೇ ಚೆನ್ನಾಗಿ ಆಡಿದರೂ ಕಾಗದದ ಕೆಲಸ ಮುಗಿಯದೆ ಮೇಲೆ ಹೋಗಲಾರ. ಅವನಿಗೆ ಆಗುವ ಅನ್ಯಾಯವನ್ನು ಜನ ಕೋಚ್‌ನ ತಲೆಗೆ ಕಟ್ಟುವುದು ನೋಡಿದರೆ ಬೇಸರವಾಗುತ್ತದೆ. ಎಷ್ಟೋ ಸಲ ಕೋಚ್‌ಗೆ ಅವನೇ ಬೇಕಾಗಿರುತ್ತಾನೆ.

ಫಾರ್ಮ್ ಅಂದರೆ ಯಾವುದು

ಮಧ್ಯದ ಫಾರ್ವರ್ಡ್‌ಗಳಿಂದ ಶುರು ಮಾಡೋಣ, ಏಕೆಂದರೆ ಜನ ಹೆಚ್ಚು ತಪ್ಪಾಗಿ ಓದುವುದು ಅವರನ್ನೇ. ಒಬ್ಬ ಪ್ರಾಪ್ (ಮುಂಸಾಲಿನ ದೊಡ್ಡ ಮೈಯ ಆಟಗಾರ) ರಿಸರ್ವ್ ಗ್ರೇಡ್‌ನಲ್ಲಿ 55 ನಿಮಿಷ ಆಡಿ 140 ಮೀಟರ್ ಓಡಿದ ಅನ್ನಿ. ಇನ್ನೊಬ್ಬ 28 ನಿಮಿಷದಲ್ಲಿ 90 ಮೀಟರ್. ಅಂಕಿಅಂಶದ ಪಟ್ಟಿಯಲ್ಲಿ ಮೊದಲನೆಯವನ ಹೆಸರೇ ಮೇಲೆ. ನಿಮಿಷಕ್ಕೆ ಭಾಗಿಸಿ ನೋಡಿ: ಮೊದಲನೆಯವನದು ಸುಮಾರು 2.5 ಮೀಟರ್, ಎರಡನೆಯವನದು 3.2. ಮೇಲಿನ ದರ್ಜೆಯಲ್ಲಿ ಹೊಸ ಪ್ರಾಪ್‌ಗೆ ಸಿಗುವುದು ಬೆಂಚಿನ ಜಾಗ. 2016ರಿಂದ ಒಂದು ತಂಡಕ್ಕೆ ಎಂಟೇ ಬದಲಾವಣೆ. ಅವನ ಪಾಲಿಗೆ ಬರುವುದು 20–25 ನಿಮಿಷದ ಒಂದು ಪಾಳಿ, ಅದೃಷ್ಟವಿದ್ದರೆ ಇನ್ನೊಂದು. ಆ ಪಾಳಿಯಲ್ಲಿ ಉಸಿರು ಉಳಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಕೆಳಗೆ 55 ನಿಮಿಷ ಆಡುವವನು ತನಗೆ ಗೊತ್ತಿಲ್ಲದೆಯೇ ಅದನ್ನು ಉಳಿಸಿಕೊಳ್ಳುವುದನ್ನು ರೂಢಿ ಮಾಡಿಕೊಂಡಿರುತ್ತಾನೆ. ನಡುವೆ ಒಂದೊಂದು ಸೆಟ್‌ನಲ್ಲಿ ಓಡದೆ ಸುಮ್ಮನಿರುತ್ತಾನೆ, ಟ್ಯಾಕಲ್‌ನಲ್ಲಿ ಮೂರನೆಯವನಾಗಿ ಮೇಲೊರಗುತ್ತಾನೆ. 2020ರ ಮೇ ತಿಂಗಳಲ್ಲಿ ‘ಸಿಕ್ಸ್ ಅಗೇನ್’ ನಿಯಮ ಬಂದ ಮೇಲೆ ಇದು ಇನ್ನೂ ದುಬಾರಿಯಾಯಿತು. ಮೊದಲು ಟ್ಯಾಕಲ್‌ನಲ್ಲಿ ತಪ್ಪಾದರೆ ಪೆನಾಲ್ಟಿ ಊದುತ್ತಿದ್ದರು, ಎಲ್ಲರಿಗೂ ಅರ್ಧ ನಿಮಿಷ ಉಸಿರು ಸಿಗುತ್ತಿತ್ತು. ಈಗ ಬಹುಪಾಲು ಆಟ ನಿಲ್ಲದೆ ಆರು ಟ್ಯಾಕಲ್ ಮತ್ತೆ ಶುರು. ದೊಡ್ಡ ಮೈಯವನು ಹನ್ನೆರಡು ಹದಿಮೂರು ಟ್ಯಾಕಲ್‌ಗಳುದ್ದಕ್ಕೂ ಹಿಂದೆ ಮುಂದೆ ಓಡುತ್ತಲೇ ಇರಬೇಕು.

ಆದ್ದರಿಂದ ಪ್ರಾಪ್‌ನನ್ನು ನೋಡುವಾಗ ಚೆಂಡಿನಿಂದ ಕಣ್ಣು ತೆಗೆಯಿರಿ. ಅವನು ಮೈದಾನಕ್ಕೆ ಬಂದು ಹದಿನೈದು ನಿಮಿಷ ಕಳೆಯಲಿ. ಎದುರಾಳಿಯ ಸೆಟ್‌ನ ನಾಲ್ಕನೇ, ಐದನೇ ಟ್ಯಾಕಲ್‌ಗೆ ಬನ್ನಿ. ಟ್ಯಾಕಲ್ ಮಾಡಿ ಎದ್ದವನು ಹತ್ತು ಮೀಟರ್ ಹಿಂದೆ ಓಡಿ, ತಿರುಗಿ, ಉಳಿದವರ ಜೊತೆ ಒಂದೇ ಸಾಲಿನಲ್ಲಿ ಮುಂದೆ ಬರುತ್ತಿದ್ದಾನೆಯೇ? ಸಾಲಿನಿಂದ ಒಂದು ಹೆಜ್ಜೆ ಹಿಂದುಳಿದರೂ ಅಲ್ಲಿ ಸಂದು ಬಿತ್ತು ಎಂದೇ ಅರ್ಥ. ಮೇಲಿನ ದರ್ಜೆಯ ಹೂಕರ್ (ಟ್ಯಾಕಲ್ ಆದ ಮೇಲೆ ನೆಲದಿಂದ ಚೆಂಡೆತ್ತಿ ಪಾಸ್ ಕೊಡುವವನು) ಅಂಥ ಸಂದನ್ನು ಕ್ಷಣದಲ್ಲಿ ಕಾಣುತ್ತಾನೆ. ಕೆಳಗೆ ಅದು ಎಷ್ಟೋ ಸಲ ಯಾರ ಕಣ್ಣಿಗೂ ಬೀಳದೆ ಮುಚ್ಚಿಹೋಗುತ್ತದೆ.

ಇನ್ನೊಂದನ್ನು ಹತ್ತಿರದಿಂದಲೇ ನೋಡಬೇಕು: ಚೆಂಡು ಹಿಡಿದವನು ನೆಲಕ್ಕೆ ಬೀಳುವ ಕ್ಷಣ. ಮೂವರು ಹಿಡಿದಿದ್ದಾರೆ. ಅವರ ಉದ್ದೇಶ ಅವನನ್ನು ಬೆನ್ನಮೇಲೆ ಕೆಡವುವುದು. ಹಾಗೆ ಬಿದ್ದರೆ ಅವನು ಹೊರಳಿ, ಮಂಡಿಯೂರಿ, ಎದ್ದು, ಚೆಂಡನ್ನು ಕಾಲಿಂದ ಹಿಂದಕ್ಕೆ ತಳ್ಳುವಷ್ಟರಲ್ಲಿ ಎದುರಾಳಿ ಸಾಲು ಆರಾಮಾಗಿ ನಿಂತಿರುತ್ತದೆ. ಅನುಭವಿ ಪ್ರಾಪ್ ಡಿಕ್ಕಿಯಾಗುವ ಮೊದಲೇ ಒಂದು ಪಕ್ಕಕ್ಕೆ ಭುಜ ತಿರುಗಿಸಿಕೊಂಡು, ಕೊನೆಯ ಎರಡು ಹೆಜ್ಜೆ ಚಿಕ್ಕದಾಗಿ ಇಟ್ಟು, ಹೊಟ್ಟೆ ಅಡಿಯಾಗಿ ಮೊಣಕೈ ಮಂಡಿಗಳ ಮೇಲೆ ಬೀಳುತ್ತಾನೆ. ಅಲ್ಲಿಂದ ಏಳುವುದು ಒಂದೇ ಚಲನೆ. ಮೂರು ಸೆಕೆಂಡಿನಲ್ಲಿ ಚೆಂಡು ಹೂಕರ್ ಕೈಯಲ್ಲಿ, ಎದುರಾಳಿಗಳು ಇನ್ನೂ ಹಿಂದಕ್ಕೆ ಓಡುತ್ತಲೇ ಇರುತ್ತಾರೆ. ಹನ್ನೆರಡು ಮೀಟರ್ ಓಡಿ ಬೆನ್ನಮೇಲೆ ಬಿದ್ದವನಿಗಿಂತ ಎಂಟು ಮೀಟರ್ ಓಡಿ ಹೊಟ್ಟೆ ಅಡಿಯಾಗಿ ಬಿದ್ದವನು ತಂಡಕ್ಕೆ ಹೆಚ್ಚು ಕೊಟ್ಟಿರುತ್ತಾನೆ. ಕೆಳಗಿನ ದರ್ಜೆಯಲ್ಲಿ ಹಿಡಿಯುವವರ ತಂತ್ರ ಸಡಿಲ, ಹೇಗೆ ಬಿದ್ದರೂ ಬೇಗ ಎದ್ದುಬಿಡಬಹುದು. ಆ ಸಲೀಸು ಮೇಲೆ ಸಿಗುವುದಿಲ್ಲ.

ಮೈದಾನದ ಎರಡು ಅಂಚಿನಲ್ಲಿ ಆಡುವ ವಿಂಗರ್‌ಗಳ ವಿಷಯಕ್ಕೆ ಬಂದರೆ, ಟ್ರೈಗಳ ಪಟ್ಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳಿ. ವಿಂಗರ್‌ನ ಟ್ರೈಯಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ಅವನ ಒಳಪಕ್ಕದ ಸೆಂಟರ್ ಮತ್ತು ಎಲ್ಲರಿಗಿಂತ ಹಿಂದೆ ನಿಲ್ಲುವ ಫುಲ್‌ಬ್ಯಾಕ್ ಮಾಡಿ ಮುಗಿಸಿರುತ್ತಾರೆ. ಎರಡು ಕೆಲಸ ಪೂರ್ತಿ ಅವನದೇ. ಒಂದು, ಸ್ವಂತ ಗೋಲಿನ ಹತ್ತಿರ ಸೆಟ್ ಶುರುವಾದಾಗ ಮೊದಲ ಎರಡು ಓಟ. ಪೆನ್ರಿತ್‌ನ ಬ್ರಯಾನ್ ಟೊಓ ಒಂದು ಆಟದಲ್ಲಿ 200 ಮೀಟರ್ ದಾಟುವುದು ಅಪರೂಪವಲ್ಲ, ಅದರಲ್ಲಿ ದೊಡ್ಡ ಪಾಲು ಇಂಥ ಮೈಮುರಿಯುವ ಓಟಗಳಿಂದಲೇ ಬರುತ್ತದೆ. ಎರಡನೆಯದು ಎತ್ತರದ ಕಿಕ್, ಅಂದರೆ ಬಾಂಬ್, ಹಿಡಿಯುವುದು. ಹೊಸ ವಿಂಗರ್ ಮೇಲೆ ಬಂದ ದಿನ ಎದುರಾಳಿ ಹಾಫ್‌ಬ್ಯಾಕ್ (ಆಟ ನಡೆಸುವ, ಕಿಕ್ ಹೊಡೆಯುವ ಆಟಗಾರ) ಮೊದಲ ಬಾಂಬ್ ಹಾಕುವುದು ಅವನ ತಲೆಯ ಮೇಲೇ, ಇದನ್ನು ಖಂಡಿತ ಅಂದುಕೊಳ್ಳಿ. ಕೆಳಗಿನ ದರ್ಜೆಯ ಬಾಂಬ್ ಬಹುಪಾಲು ತುದಿಯ ಮೇಲೆ ತುದಿ ಉರುಳುತ್ತಾ ಬರುತ್ತದೆ, ಬೀಳುವ ಜಾಗ ಮೊದಲೇ ಗೊತ್ತಾಗುತ್ತದೆ. ಮೇಲೆ ತಿರುಪಿನಂತೆ ಸುತ್ತುವ ಸ್ಪೈರಲ್ ಬರುತ್ತದೆ, ಕೊನೆಯ ಐದಾರು ಮೀಟರ್‌ನಲ್ಲಿ ಗಾಳಿಯಲ್ಲಿ ಪಕ್ಕಕ್ಕೆ ಜಾರುತ್ತದೆ. ಎದುರಿಗೆ ಇಬ್ಬರು ಓಡಿಬಂದು ಹಾರುತ್ತಿರುತ್ತಾರೆ. ಒಳ್ಳೆಯವನು ಚೆಂಡಿನ ಕೆಳಗೆ ಮೊದಲೇ ಹೋಗಿ ನಿಲ್ಲುವುದಿಲ್ಲ. ಎರಡು ಹೆಜ್ಜೆ ಹಿಂದೆಯೇ ಕಾದು, ಓಡಿಬಂದು, ಒಂದು ಮಂಡಿ ಎತ್ತಿ, ದೇಹವನ್ನು ಅಡ್ಡ ತಿರುಗಿಸಿ, ಕೈ ತಲೆಗಿಂತ ಮೇಲೆ ಚಾಚಿ ಹಿಡಿಯುತ್ತಾನೆ. ನಿಂತಲ್ಲೇ ಎದೆಗೆ ಅವುಚಿ ಹಿಡಿಯುವ ವಿಂಗರ್ ಕೆಳಗೆ ಇಡೀ ಋತು ಒಂದೂ ಬಿಡದೆ ಹಿಡಿದಿರಬಹುದು. ಮೇಲೆ ಅದೇ ಅಭ್ಯಾಸಕ್ಕೆ ಅರ್ಧ ತಾಸಿನಲ್ಲಿ ಮೂರು ಚೆಂಡು ಕೈಜಾರುತ್ತವೆ.

ಸೆಂಟರ್ ಮತ್ತು ಎಡ್ಜ್ ಫಾರ್ವರ್ಡ್‌ಗಳ ಫಾರ್ಮ್ ರಕ್ಷಣೆಯಲ್ಲಿದೆ. ಎದುರಾಳಿಯ ಎರಡನೇ ಸಾಲಿನವನು, ಅಂದರೆ ಎಡ್ಜ್ ಫಾರ್ವರ್ಡ್, ಚೆಂಡು ಕೇಳುತ್ತಾ ನಿಮ್ಮ ಒಳಭುಜದತ್ತ ಓಡಿಬರುತ್ತಾನೆ. ಅವನ ಬೆನ್ನ ಹಿಂದಿನಿಂದ ಫುಲ್‌ಬ್ಯಾಕ್ ಹೊರಗಡೆಗೆ ಸುತ್ತಿ ಬರುತ್ತಾನೆ. ಸೆಂಟರ್ ಮುಂದಿನವನನ್ನು ನಂಬಿ ಒಳಗೆ ಹಾರಿದ, ವಿಂಗರ್ ಹೊರಗೇ ಉಳಿದ. ಅಲ್ಲಿಗೆ ಕತೆ ಮುಗಿಯಿತು, ನಡುವೆ ಎತ್ತಿನಗಾಡಿ ಹೋಗುವಷ್ಟು ದಾರಿ. ರಿಸರ್ವ್ ಗ್ರೇಡ್‌ನಲ್ಲಿ ಇದೇ ತಪ್ಪು ಆದಾಗ ಪಾಸ್ ಅರ್ಧ ಸೆಕೆಂಡು ತಡವಾಗಿ ಬರುತ್ತದೆ, ಇಲ್ಲವೇ ಹಿಡಿಯುವವನ ಕಾಲಬುಡಕ್ಕೆ ಬೀಳುತ್ತದೆ, ಟ್ರೈ ಆಗುವುದಿಲ್ಲ. ಲೆಕ್ಕದಲ್ಲಿ ಆ ಸೆಂಟರ್‌ನ ಹೆಸರಿನ ಮುಂದೆ ತಪ್ಪಿದ ಟ್ಯಾಕಲ್ ಕೂಡ ದಾಖಲಾಗುವುದಿಲ್ಲ. ಕೋಚ್‌ಗಳು ವಿಡಿಯೋ ಹಾಕಿ ಹುಡುಕುವುದು ಇದನ್ನೇ: ದಂಡ ತೆರದೆ ತಪ್ಪಿಸಿಕೊಂಡ ತಪ್ಪುಗಳು. ನನ್ನ ಮಟ್ಟಿಗೆ, ಟ್ಯಾಕಲ್ ಶೇಕಡಾವಾರಿಗಿಂತ ನಂಬಬಹುದಾದ ಸೂಚನೆ ಒಂದಿದೆ. ಆ ಆಟಗಾರ ಪ್ರತಿ ಟ್ಯಾಕಲ್‌ನ ಮೊದಲು ಬಾಯಿ ಬಿಟ್ಟು ಪಕ್ಕದವನಿಗೆ ಕೂಗಿ ಹೇಳುತ್ತಿದ್ದಾನೆಯೇ ಎಂಬುದು. ಮೈದಾನದ ಅಂಚಿನಲ್ಲಿ ನಿಂತರೆ ಅದು ಕಿವಿಗೆ ಕೇಳುತ್ತದೆ, ಟಿವಿಯಲ್ಲಿ ಎಂದೂ ಕೇಳಿಸುವುದಿಲ್ಲ.

ಹಾಫ್‌ಬ್ಯಾಕ್‌ನನ್ನು ಅವನ ತಂಡ ಸೋತ ಆಟದಲ್ಲಿ ನೋಡಿ. ಮುಂದಿನ ಫಾರ್ವರ್ಡ್‌ಗಳು ಗೆದ್ದು ಕೊಟ್ಟ ಮೈದಾನದಲ್ಲಿ ಯಾರು ಬೇಕಾದರೂ ಚೆಂದ ಕಾಣುತ್ತಾರೆ. ಸೋಲುವ ದಿನ, ಸ್ವಂತ 30 ಮೀಟರ್ ಗೆರೆಯಲ್ಲಿ, ಐದನೇ ಟ್ಯಾಕಲ್‌ನಲ್ಲಿ, ಇಬ್ಬರು ಮೈಮೇಲೆ ಬೀಳುವಂತೆ ಓಡಿಬರುತ್ತಿರುವಾಗ ಅವನ ಕಿಕ್ ಎಲ್ಲಿ ಬೀಳುತ್ತದೆ? ಎದುರಾಳಿ ಫುಲ್‌ಬ್ಯಾಕ್ ಓಡುತ್ತಲೇ ಹಿಡಿಯುವಂತೆ ಬಿದ್ದರೆ ಎಷ್ಟೇ ಉದ್ದವಿದ್ದರೂ ಅದು ಕೆಟ್ಟ ಕಿಕ್. ನೆಲಕ್ಕೆ ಬಡಿದು, ಅವನನ್ನು ಹಿಂದಕ್ಕೆ ತಿರುಗಿಸಿ, ಬೆನ್ನಟ್ಟಿ ಬಂದವರು ಹಿಡಿಯುವಷ್ಟು ಸಮಯ ಕೊಟ್ಟರೆ ಒಳ್ಳೆಯ ಕಿಕ್. ಹೂಕರ್‌ಗೆ ಅಳತೆ ಸರಳ: ನೆಲದಿಂದ ಎತ್ತಿದ ಚೆಂಡು ಎಡಕ್ಕೂ ಬಲಕ್ಕೂ ಒಂದೇ ವೇಗದಲ್ಲಿ, ಓಡಿಬರುವವನ ಎದೆಯ ಮುಂದೆ ಹೋಗಬೇಕು, 40 ಟ್ಯಾಕಲ್ ಮಾಡಿ ದಣಿದ 70ನೇ ನಿಮಿಷದಲ್ಲೂ.

ಜಾಗ ಖಾಲಿಯಾಗುವ ಬಗೆ

ಎನ್‌ಆರ್‌ಎಲ್‌ನಲ್ಲಿ ತಂಡಗಳ ಪಟ್ಟಿ ಹೊರಬೀಳುವುದು ಮಂಗಳವಾರ ಸಂಜೆ 4 ಗಂಟೆಗೆ. ಆದರೆ ಕ್ಲಬ್ಬಿನೊಳಗೆ ಲೆಕ್ಕಾಚಾರ ಹಿಂದಿನ ಆಟ ಮುಗಿದ ಗಳಿಗೆಯಿಂದಲೇ ಶುರುವಾಗಿರುತ್ತದೆ. ಸ್ಕ್ಯಾನ್ ವರದಿ, ಫೌಲ್‌ಗಳನ್ನು ಪರಿಶೀಲಿಸುವ ಮ್ಯಾಚ್ ರಿವ್ಯೂ ಸಮಿತಿಯ ಆರೋಪಗಳು, ತಲೆಪೆಟ್ಟಿನ ಪರೀಕ್ಷೆಯ ಫಲಿತಾಂಶ ಎಲ್ಲವೂ ಬರುತ್ತವೆ. ತಲೆಪೆಟ್ಟಿನ ವಿಷಯದಲ್ಲಿ 2023ರಿಂದ ದೊಡ್ಡ ವ್ಯತ್ಯಾಸವಾಗಿದೆ. ಕನ್‌ಕಷನ್ ಖಚಿತವಾದ ಆಟಗಾರ ಸಾಮಾನ್ಯವಾಗಿ ಕನಿಷ್ಠ 11 ದಿನ ಹೊರಗಿರಬೇಕು. ಮೊದಲು ಶುಕ್ರವಾರ ಪೆಟ್ಟು ತಿಂದವನು ಮುಂದಿನ ಶನಿವಾರಕ್ಕೆ ಸಿದ್ಧನಾಗಬಹುದಿತ್ತು. ಈಗ ಮುಂದಿನ ಆಟ ಹೋಯಿತೆಂದೇ ಲೆಕ್ಕ. ಆಟಗಾರರ ಮಿದುಳಿಗೆ ಇದು ತಡವಾಗಿ ಬಂದ ನ್ಯಾಯ. ರಿಸರ್ವ್ ಗ್ರೇಡ್‌ನವರಿಗೆ ಇದರಿಂದ ಒಂದೊಂದು ವಾರದ ಚಿಕ್ಕ ಅವಕಾಶಗಳು ಹೆಚ್ಚಾಗಿವೆ.

ಜಾಗ ಎಷ್ಟು ದಿನ ಖಾಲಿ ಎನ್ನುವುದರ ಮೇಲೆ ಯಾರನ್ನು ಕರೆಯುತ್ತಾರೆ ಎನ್ನುವುದು ನಿಂತಿದೆ. ಒಂದೇ ವಾರಕ್ಕಾದರೆ ಕೋಚ್ ಕೈ ಹಾಕುವುದು ಈಗಾಗಲೇ ಮೇಲೆ ಆಡಿದ, ಕರೆಗಳೆಲ್ಲ ಬಾಯಿಪಾಠವಾದ 29–30 ವರ್ಷದ ಭದ್ರ ಕೈಗೆ. ಮಂಡಿಯ ಎಸಿಎಲ್ (ಒಳಗಿನ ಅಸ್ಥಿರಜ್ಜು) ಹರಿದು ಒಂಬತ್ತು ತಿಂಗಳು ಹೋಯಿತೆಂದರೆ ಯುವಕನಿಗೆ ಬಾಗಿಲು ತೆರೆಯುತ್ತದೆ. ಏಕೆಂದರೆ ಅವನು ಮೊದಲ ಮೂರು ಆಟದಲ್ಲಿ ಮಾಡುವ ತಪ್ಪುಗಳಿಗೆ ಸಮಯವಿದೆ. 2023ರ ಪೆನ್ರಿತ್ ಇದಕ್ಕೆ ಒಳ್ಳೆಯ ಉದಾಹರಣೆ. ಚಾರ್ಲಿ ಸ್ಟೇನ್ಸ್ ವೆಸ್ಟ್ಸ್ ಟೈಗರ್ಸ್‌ಗೆ ಹೋಗಿದ್ದ. ಫೆಬ್ರವರಿಯಲ್ಲಿ ಸೇಂಟ್ ಹೆಲೆನ್ಸ್ ವಿರುದ್ಧದ ವಿಶ್ವ ಕ್ಲಬ್ ಪಂದ್ಯದಲ್ಲಿ ಟೇಲನ್ ಮೇಯ ಮಂಡಿ ಹೋಯಿತು. ಸರತಿಯಲ್ಲಿ ಮುಂದಿದ್ದ ಇಬ್ಬರೂ ಹೀಗೆ ಸರಿದ ಮೇಲೆ ವಿಂಗ್ ಸಿಕ್ಕಿದ್ದು ಸೂನಿಯಾ ತುರುವನಿಗೆ. ಆ ವರ್ಷದ ಕೊನೆಗೆ ಅತ್ಯುತ್ತಮ ಹೊಸ ಆಟಗಾರ ಪ್ರಶಸ್ತಿ ಅವನದು, ಜೊತೆಗೆ ಚಾಂಪಿಯನ್ ತಂಡದ ಪದಕ. ಹಿಂದಿನ ವರ್ಷ, 2022ರಲ್ಲಿ, ಪೆನ್ರಿತ್ ಎನ್‌ಆರ್‌ಎಲ್, ಎನ್‌ಎಸ್‌ಡಬ್ಲ್ಯು ಕಪ್, 21ರ ಒಳಗಿನವರ ಜರ್ಸಿ ಫ್ಲೆಗ್, ಇನ್ನೂ ಕಿರಿಯರ ಎಸ್‌ಜಿ ಬಾಲ್ ನಾಲ್ಕನ್ನೂ ಗೆದ್ದಿತ್ತು. ಮೇಲಿನಿಂದ ಕೆಳಗಿನವರೆಗೆ ಒಂದೇ ಕರೆ, ಒಂದೇ ರೂಢಿ ಇದ್ದರೆ ಹೊಸಬ ಮೇಲೆ ಬಂದಾಗ ಕಲಿಯಬೇಕಾದದ್ದು ವೇಗವೊಂದನ್ನೇ.

ಜನ ಮರೆಯುವ ಇನ್ನೊಂದು ಸಂಗತಿ: ಗಾಯ ಒಂದು ಜಾಗದಲ್ಲಿ ಆಗುತ್ತದೆ, ಬಡ್ತಿ ಇನ್ನೊಂದು ಜಾಗದವನಿಗೆ ಸಿಗುತ್ತದೆ. ಫುಲ್‌ಬ್ಯಾಕ್ ಬಿದ್ದರೆ ಕೋಚ್ ವಿಂಗರ್‌ನನ್ನು ಅಲ್ಲಿಗೆ ಸರಿಸಿ, ರಿಸರ್ವ್ ಗ್ರೇಡ್‌ನಿಂದ ವಿಂಗರ್ ತರುತ್ತಾನೆ. ಕೆಳಗೆ ಫುಲ್‌ಬ್ಯಾಕ್ ಆಗಿ ಮಿಂಚುತ್ತಿದ್ದವನು ಕಾಯುತ್ತಲೇ ಉಳಿಯುತ್ತಾನೆ. ಹಾಗಾಗಿ ಯಾರಾದರೂ ಗಾಯಗೊಂಡ ಸುದ್ದಿ ಬಂದರೆ ಕ್ಲಬ್ಬಿನ ಪಟ್ಟಿ ಮುಂದಿಟ್ಟುಕೊಂಡು ಒಂದೊಂದೇ ಕೊಂಡಿ ಸರಿಸಿ ನೋಡಿ. ಕೊನೆಗೆ ಖಾಲಿ ಬೀಳುವ ಜಾಗವೇ ನಿಜವಾದ ಖಾಲಿ ಜಾಗ.

ಮತ್ತೆ ಸ್ಟೇಟ್ ಆಫ್ ಆರಿಜಿನ್ ಇದೆ, ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲೆಂಡ್ ರಾಜ್ಯಗಳ ನಡುವಿನ ಸರಣಿ. ಮೇ ಕೊನೆಯಿಂದ ಜುಲೈವರೆಗೆ ಮೂರು ಪಂದ್ಯ, ಎರಡು ರಾಜ್ಯಗಳಿಗೆ ಒಟ್ಟು 34 ಜನ ಮೈದಾನಕ್ಕೆ ಬೇಕು, ಜೊತೆಗೆ ಮೀಸಲು ಆಟಗಾರರು. ಬಲವಾದ ಕ್ಲಬ್ಬಿನಿಂದ ಐದಾರು ಜನ ಒಮ್ಮೆಲೇ ಹೋಗುತ್ತಾರೆ. ರಿಸರ್ವ್ ಗ್ರೇಡ್‌ನವರಿಗೆ ಇಡೀ ವರ್ಷದಲ್ಲಿ ದಿನಾಂಕ ಮೊದಲೇ ಗೊತ್ತಿರುವ ಅವಕಾಶ ಇದೊಂದೇ. ಗೆಲ್ಲುವ ಕ್ಲಬ್ಬುಗಳು ಏಪ್ರಿಲ್‌ನಲ್ಲೇ ಆ ವಾರಗಳಿಗೆ ಯಾರೆಂದು ಗುರುತು ಹಾಕಿ, ಅವರನ್ನು ಮೇಲಿನ ತಂಡದ ಜೊತೆ ಅಭ್ಯಾಸಕ್ಕೆ ಎಳೆದುಕೊಂಡಿರುತ್ತವೆ.

ದಾರಿಗೆ ಅಡ್ಡ ನಿಂತವರು

ಕೆಲವರ ಮುಂದೆ ಬೆಟ್ಟವೇ ನಿಂತಿರುತ್ತದೆ. ಹ್ಯಾರಿ ಗ್ರ್ಯಾಂಟ್ ಸನ್‌ಶೈನ್ ಕೋಸ್ಟ್‌ನಲ್ಲಿ ಹೂಕರ್ ಆಗಿ ಎಷ್ಟೇ ಚೆನ್ನಾಗಿ ಆಡಿದರೂ ಮೆಲ್ಬರ್ನ್ ಸ್ಟಾರ್ಮ್‌ನಲ್ಲಿ ಆ ಜಾಗ ಕ್ಯಾಮರಾನ್ ಸ್ಮಿತ್‌ನದು. ಸ್ಮಿತ್ ಆಡಿದ್ದು 430 ಪಂದ್ಯ, ಅಷ್ಟು ಎನ್‌ಆರ್‌ಎಲ್‌ನಲ್ಲಿ ಬೇರೆ ಯಾರೂ ಆಡಿಲ್ಲ. ಸ್ಮಿತ್ ಯಾವಾಗ ನಿವೃತ್ತನಾಗುತ್ತಾನೆ ಎಂದು ಕಾಯುತ್ತಾ ಕೂತಿದ್ದರೆ ಗ್ರ್ಯಾಂಟ್‌ನ ಇನ್ನೊಂದು ವರ್ಷ ಸವೆದುಹೋಗುತ್ತಿತ್ತು. 2020ರಲ್ಲಿ ಅವನನ್ನು ವೆಸ್ಟ್ಸ್ ಟೈಗರ್ಸ್‌ಗೆ ಒಂದು ಋತುವಿಗೆ ಸಾಲ ಕೊಟ್ಟರು, ಅಲ್ಲಿಂದ ಪಾಲ್ ಮೊಮಿರೊವ್‌ಸ್ಕಿ ಮೆಲ್ಬರ್ನ್‌ಗೆ ಬಂದ. ಅದೇ ವರ್ಷ ಗ್ರ್ಯಾಂಟ್ ಕ್ವೀನ್ಸ್‌ಲೆಂಡ್ ಪರ ಆರಿಜಿನ್ ಆಡಿದ. ಫಾರ್ಮ್ ಮೊದಲೂ ಇತ್ತು, ಸಿಗಬೇಕಿದ್ದದ್ದು ಜಾಗ.

ಎರಡನೇ ದಾರಿ ಜಾಗ ಬದಲಾಯಿಸುವುದು. ಮ್ಯಾಟ್ ಬರ್ಟನ್ ಫೈವ್-ಏಟ್ತ್, ಅಂದರೆ ಹಾಫ್‌ಬ್ಯಾಕ್‌ನ ಜೊತೆಗಾರ. ಪೆನ್ರಿತ್‌ನಲ್ಲಿ ಹಾಫ್‌ಬ್ಯಾಕ್, ಫೈವ್-ಏಟ್ತ್ ಎರಡು ಜಾಗದಲ್ಲಿ ನೇಥನ್ ಕ್ಲಿಯರಿ ಮತ್ತು ಜರೋಮ್ ಲುವಾಯಿ. 2021ರಲ್ಲಿ ಅವನನ್ನು ಸೆಂಟರ್‌ಗೆ ಹಾಕಿದರು. ಆ ವರ್ಷ ಅವನು ಚಾಂಪಿಯನ್ ತಂಡದಲ್ಲಿದ್ದ, ಎನ್‌ಆರ್‌ಎಲ್‌ನ ವಾರ್ಷಿಕ ಡ್ಯಾಲಿ ಎಂ ಪ್ರಶಸ್ತಿಗಳಲ್ಲಿ ವರ್ಷದ ಸೆಂಟರ್ ಜೋಡಿಯಲ್ಲೂ ಇದ್ದ. ಆ ಜೋಡಿಯ ಇನ್ನೊಬ್ಬ ಜಸ್ಟಿನ್ ಓಲಮ್. ಪಪುವಾ ನ್ಯೂಗಿನಿಯ ಓಲಮ್ ಹಂಟರ್ಸ್ ಪರ ಕ್ವೀನ್ಸ್‌ಲೆಂಡ್ ಕಪ್ ಆಡಿ, ಅಲ್ಲಿಂದ ಫಾಲ್ಕನ್ಸ್‌ಗೆ ಬಂದು, 2018ರಲ್ಲಿ ಸ್ಟಾರ್ಮ್ ಪರ ಮೊದಲ ಆಟವಾಡಿದವನು. ಜರೋಮ್ ಹ್ಯೂಸ್ ಎರಡು ಕ್ಲಬ್ಬುಗಳಲ್ಲಿ ನೆಲೆ ಸಿಗದೆ ಸ್ಟಾರ್ಮ್‌ಗೆ ಬಂದ ಫುಲ್‌ಬ್ಯಾಕ್. ಅಲ್ಲಿ ಬಿಲ್ಲಿ ಸ್ಲೇಟರ್ ಹೋದ ಮೇಲೆ ರಯನ್ ಪ್ಯಾಪನ್‌ಹೈಜನ್ ಬಂದ. ಹ್ಯೂಸ್ ಹಾಫ್‌ಬ್ಯಾಕ್‌ಗೆ ಸರಿದ, ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಡ್ಯಾಲಿ ಎಂ ಪದಕ 2024ರಲ್ಲಿ ಅವನ ಕೊರಳಿಗೆ ಬಿತ್ತು. ಇನ್ನೂ ಹಿಂದಕ್ಕೆ ಹೋದರೆ ಕೂಪರ್ ಕ್ರಾಂಕ್. ನಾರ್ತ್ಸ್ ಡೆವಿಲ್ಸ್‌ನಲ್ಲಿ ಆಡುತ್ತಾ 2004ರಲ್ಲಿ ಸ್ಟಾರ್ಮ್‌ಗೆ ಮೇಲೆ ಬಂದಾಗ ಅವನು ಎಲ್ಲಿ ಬೇಕಾದರೂ ತುಂಬುವ ಬೆಂಚಿನ ಆಟಗಾರ. ಮ್ಯಾಟ್ ಆರ್‌ಫರ್ಡ್ ಮ್ಯಾನ್ಲಿಗೆ ಹೋದ ಮೇಲೆ 2006ರಿಂದ ಹಾಫ್‌ಬ್ಯಾಕ್ ಆದ, ಮುಂದೆ 2013ರಲ್ಲೂ 2016ರಲ್ಲೂ ಡ್ಯಾಲಿ ಎಂ ಗೆದ್ದ.

ಹಾಗಂತ ಎಲ್ಲ ಜಾಗ ಆಡಬಲ್ಲವನು ಎಂಬ ಹೆಸರಿನಲ್ಲಿ ಅಪಾಯವೂ ಇದೆ. 14ನೇ ನಂಬರಿನ, ಅಂದರೆ ಬೆಂಚಿನ, ಜೆರ್ಸಿ ಬೇಗ ಸಿಗುತ್ತದೆ, ಆದರೆ ಹಾಗೆ ಮೇಲೆ ಬಂದವನು ಆಟಕ್ಕೆ 15 ನಿಮಿಷ ಆಡುತ್ತಾ ಯಾವ ಜಾಗದಲ್ಲೂ ಬೇರೂರದೆ ಉಳಿಯಬಹುದು. ಎರಡು ಜಾಗ ಕಲಿಯಲಿ, ಒಂದರಲ್ಲಿ ಎಲ್ಲರಿಗಿಂತ ಮುಂದಿರಲಿ ಎಂಬುದು ನನ್ನ ಅಭಿಪ್ರಾಯ.

ಇದಕ್ಕಿಂತ ಕಷ್ಟದ ಜಾಗ 18ನೆಯವನದು, ಅಂದರೆ 17 ಜನರಾಚೆಯ ಹೆಚ್ಚುವರಿ ಆಟಗಾರನದು. 2021ರಲ್ಲಿ ಬಂದ ನಿಯಮದಿಂದ, ಒಂದೇ ಆಟದಲ್ಲಿ ಹಲವರು ತಲೆಪೆಟ್ಟಿನಿಂದ ಹೊರಬಿದ್ದರೆ ಅಥವಾ ಎದುರಾಳಿಯ ಗಂಭೀರ ಫೌಲ್‌ನಿಂದ ಒಬ್ಬನ ಆಟವೇ ಮುಗಿದರೆ ಈ 18ನೆಯವನನ್ನು ಮೈದಾನಕ್ಕೆ ಇಳಿಸಬಹುದು. ಬಹುಪಾಲು ವಾರ ಹಾಗಾಗುವುದಿಲ್ಲ. ಅವನು ಟ್ರ್ಯಾಕ್‌ಸೂಟ್‌ನಲ್ಲೇ ಬೆಂಚಿನ ಹಿಂದೆ ಕೂತು ಮನೆಗೆ ಹೋಗುತ್ತಾನೆ. ರಿಸರ್ವ್ ಗ್ರೇಡ್ ಆಟ ಅದೇ ದಿನ ಇದ್ದರೆ ಅದೂ ತಪ್ಪುತ್ತದೆ. ಹೀಗೆ ನಾಲ್ಕು ವಾರ ಕಳೆದರೆ ಅವನ ಆಟದ ಉಸಿರೇ ಹೋಗಿರುತ್ತದೆ. ಐದನೇ ವಾರ ನಿಜವಾಗಿ ಕರೆ ಬಂದಾಗ 20 ನಿಮಿಷಕ್ಕೆ ಏದುಸಿರು. ಜನ "ಮಟ್ಟ ಸಾಲದು" ಎಂದುಬಿಡುತ್ತಾರೆ. ಒಳ್ಳೆಯ ಕ್ಲಬ್ಬುಗಳು ಈ ಜಾಗವನ್ನು ಸರದಿಯ ಮೇಲೆ ಹಂಚುತ್ತವೆ.

ಒಪ್ಪಂದದ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಒಪ್ಪಂದದ ಕೊನೆಯ ವರ್ಷಕ್ಕೆ ಕಾಲಿಡುವವನು ಅದರ ಹಿಂದಿನ ನವೆಂಬರ್ 1ರಿಂದ ಬೇರೆ ಕ್ಲಬ್ಬುಗಳ ಜೊತೆ ಮಾತಾಡಬಹುದು. ಅಂಥವನು ಹೊರಡುವುದು ಖಚಿತವಾದ ಮೇಲೆ, ಇಬ್ಬರ ಫಾರ್ಮ್ ಸಮನಿದ್ದರೆ ಕೋಚ್ ಉಳಿಯುವವನನ್ನೇ ಆರಿಸುತ್ತಾನೆ. ಡೆವಲಪ್‌ಮೆಂಟ್ ಪಟ್ಟಿಯವರಿಗೆ ಋತುವಿನ ಮೊದಲ ಭಾಗದಲ್ಲಿ ಮೇಲೆ ಆಡಲು ವಿಶೇಷ ಅನುಮತಿ ಬೇಕು, ಆಮೇಲೆ ದಾರಿ ಸಲೀಸು. ಜೂನ್ ಸುಮಾರಿಗೆ ಹೊಸ ಹೆಸರುಗಳು ಒಮ್ಮೆಲೇ ಕಾಣಿಸುವುದಕ್ಕೆ ಇದೂ ಒಂದು ಕಾರಣ.

2008ರಿಂದ 2017ರವರೆಗೆ 20ರ ಒಳಗಿನವರಿಗೆ ರಾಷ್ಟ್ರೀಯ ಸ್ಪರ್ಧೆಯೊಂದಿತ್ತು. ಟಿವಿಯಲ್ಲಿ ನೋಡಲು ಸೊಗಸು, 40–36ರಂಥ ಅಂಕಗಳು. ಆದರೆ ಅಲ್ಲಿ ಹುಡುಗರು ಹುಡುಗರನ್ನೇ ಎದುರಿಸುತ್ತಿದ್ದರು. 28 ವರ್ಷದ, 110 ಕಿಲೋ ತೂಕದ ಗಟ್ಟಿ ಗಂಡಸನ್ನು 65ನೇ ನಿಮಿಷದಲ್ಲಿ ನೆಲಕ್ಕೆ ಕೆಡವುವುದು ಹೇಗೆಂದು ಕಲಿಸುವುದು ರಿಸರ್ವ್ ಗ್ರೇಡ್ ಮಾತ್ರ. ಆ ಸ್ಪರ್ಧೆ ನಿಂತ ಮೇಲೆ ಎರಡೂ ಕಪ್‌ಗಳಿಗೆ ತೂಕ ಮರಳಿತು, ಅದು ಆಟಕ್ಕೇ ಒಳ್ಳೆಯದಾಯಿತು.

ಮುಂದೆ ಬಾಗಿಲುಗಳು ಹೆಚ್ಚಾಗಲಿವೆ. 2027ಕ್ಕೆ ಪರ್ತ್ ಬೇರ್ಸ್, 2028ಕ್ಕೆ ಪಪುವಾ ನ್ಯೂಗಿನಿ. ಮುಖ್ಯ ಪಟ್ಟಿಯ ಜಾಗಗಳು 510ರಿಂದ 570ಕ್ಕೆ ಏರುತ್ತವೆ. ಪ್ರತಿ ಕ್ಲಬ್ಬಿನ 18ನೇ, 20ನೇ, 22ನೇ ಆಟಗಾರನಿಗೆ ಇದರಿಂದ ಬೆಲೆ ಬರುತ್ತದೆ. ಈಗ ಕಪ್‌ಗಳಲ್ಲಿ 24–25 ವರ್ಷ ವಯಸ್ಸಿನ, ಮೇಲೆ ಹತ್ತು ಹನ್ನೆರಡು ಆಟ ಆಡಿ ಇಳಿದಿರುವವರ ಹೆಸರು ಬರೆದಿಟ್ಟುಕೊಳ್ಳಿ. ಹೊಸ ಕ್ಲಬ್ಬುಗಳು ಮೊದಲು ಹುಡುಕುವುದು ಅವರನ್ನೇ.

ಅವರಲ್ಲಿ ಯಾರು ನಿಲ್ಲುತ್ತಾರೆ ಎಂದು ತಿಳಿಯಬೇಕಿದ್ದರೆ ಮೇಲಿನಿಂದ ಇಳಿಸಿದ ಮರುವಾರ ಅವರ ಮೊದಲ ರಿಸರ್ವ್ ಗ್ರೇಡ್ ಆಟಕ್ಕೆ ಹೋಗಿ. ಆಟ ಶುರುವಾಗಿ ಐದು ನಿಮಿಷದೊಳಗೆ ತಮ್ಮ ತಂಡ ಒಂದು ಕಿಕ್ ಹೊಡೆಯುತ್ತದೆ, ಚೆಂಡು ದೂರದ ಮೂಲೆಗೆ ಹೋಗುತ್ತದೆ, ತಮ್ಮಿಂದ ಬಹಳ ದೂರ. ಬೆನ್ನಟ್ಟಿ ಓಡುವ ಸಾಲಿನಲ್ಲಿ ಅವರು ಎಷ್ಟನೆಯವರಾಗಿ ಹೋಗುತ್ತಾರೆ, ಅದನ್ನು ನೋಡಿ.